ಮಕ್ಕಳ ಮನೋಚಿಕಿತ್ಸೆಯ ಹಂತಗಳು: ಮರವಂತೆಯ ಮನೆಯಿಂದ ನಿಮ್ಹಾನ್ಸ್‌ವರೆಗೆ

ಮಗುವಿಗೆ ಜ್ವರ ಬಂದಾಗ ಎಲ್ಲಿಗೆ ಹೋಗಬೇಕೆಂಬುದು ಪ್ರತಿ ಮನೆಗೂ ತಿಳಿದಿದೆ. ಮೊದಲು ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ, ಕಡಿಮೆಯಾಗದಿದ್ದರೆ ಕುಂದಾಪುರ, ಅಲ್ಲಿಯೂ ಆಗದಿದ್ದರೆ ಉಡುಪಿ ಅಥವಾ ಮಣಿಪಾಲ. ಮಗುವಿನ ಮನಸ್ಸು ಅಸ್ವಸ್ಥವಾದಾಗ ಮಾತ್ರ ಇಂತಹ ದಾರಿ ಕಾಣಿಸುವುದಿಲ್ಲ. ತಿಂಗಳುಗಟ್ಟಲೆ ಅದನ್ನು ಹಟವೆಂದೋ, ಸೋಮಾರಿತನವೆಂದೋ, ಗಾಳಿ ಸೋಕಿದೆಯೆಂದೋ, ‘ಮಂಡೆ ಸಮ ಇಲ್ಲ’ವೆಂದೋ ಕರೆಯಲಾಗುತ್ತದೆ. ಕೊನೆಗೆ ಒಂದು ರಾತ್ರಿ ಪರಿಸ್ಥಿತಿ ಕೈಮೀರಿದಾಗ ಬಾಡಿಗೆ ವಾಹನ ಮಾಡಿ ಸುಮಾರು 55 ಕಿಲೋಮೀಟರ್ ದೂರದ ಮಣಿಪಾಲಕ್ಕೆ ಧಾವಿಸಲಾಗುತ್ತದೆ. ಏನೂ ಮಾಡದಿರುವುದು ಒಂದು ತುದಿ, ದೊಡ್ಡ ಆಸ್ಪತ್ರೆಗೆ ಓಡುವುದು ಇನ್ನೊಂದು ತುದಿ. ಇವೆರಡರ ನಡುವೆ ಹಲವು ಹಂತಗಳಿವೆ. ಬಹುಪಾಲು ಮಕ್ಕಳಿಗೆ ಬೇಕಾಗುವುದು ಊರಿಗೆ ಹತ್ತಿರವಿರುವ ಕೆಳಗಿನ ಹಂತಗಳೇ. ಆ ಹಂತಗಳು ಯಾವುವು, ಮಗು ಯಾವ ಹಂತದಲ್ಲಿದೆಯೆಂದು ತಿಳಿಯುವುದು ಹೇಗೆ, ಗ್ರಾಮ ಪಂಚಾಯತ್ ಸದಸ್ಯರ ಪಾತ್ರವೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಮಸ್ಯೆಯ ಪ್ರಮಾಣ

ಹತ್ತರಿಂದ ಹತ್ತೊಂಬತ್ತು ವರ್ಷದೊಳಗಿನ ಪ್ರತಿ ಏಳು ಮಂದಿಯಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರುತ್ತದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇ. 7.3 ಮಂದಿಯಲ್ಲಿ ಇಂತಹ ತೊಂದರೆ ಕಂಡುಬಂದಿತ್ತು. ಎರಡರಲ್ಲಿ ಕಡಿಮೆಯದಾದ ಈ ಪ್ರಮಾಣವನ್ನೇ ಲೆಕ್ಕಕ್ಕೆ ಹಿಡಿದರೂ, ಆ ವಯಸ್ಸಿನ 300 ಮಕ್ಕಳಿರುವ ಒಂದು ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿ ಸುಮಾರು 20 ಮಕ್ಕಳಿಗೆ ನೆರವಿನ ಅಗತ್ಯವಿರುತ್ತದೆ. ಆ ಇಪ್ಪತ್ತರಲ್ಲಿ ಎಷ್ಟು ಮಂದಿ ಈಗ ವೈದ್ಯರ ಬಳಿಗೆ ಹೋಗುತ್ತಿದ್ದಾರೆಂದು ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡನ್ನು ನೆನೆದು ಯೋಚಿಸಬಹುದು.

ತಡವಾದರೆ ಆಗುವ ನಷ್ಟ ಸಣ್ಣದಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ನೇ ಸಾಲಿನಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದಾರೆ. ಇಂತಹ ಸಾವುಗಳ ಹಿಂದೆ ಹಲವು ಕಾರಣಗಳು ಒಟ್ಟುಗೂಡಿರುತ್ತವೆ. ಪರೀಕ್ಷೆಯ ಫಲಿತಾಂಶವೊಂದೇ ಕಾರಣವೆಂದು ತೀರ್ಮಾನಿಸುವುದು ಸರಿಯಲ್ಲ. ಆದರೆ ಮುನ್ಸೂಚನೆಗಳು ಹಲವು ಬಾರಿ ಮೊದಲೇ ಕಾಣಿಸಿಕೊಂಡಿರುತ್ತವೆ. ಅವುಗಳನ್ನು ಗುರುತಿಸುವವರು ಮತ್ತು ಮುಂದಿನ ದಾರಿ ತೋರಿಸುವವರು ಊರಿನಲ್ಲಿಯೇ ಇರಬೇಕು.

ಹಂತವನ್ನು ನಿರ್ಧರಿಸುವ ಮೂರು ಪ್ರಶ್ನೆಗಳು

ಕುಡಿಯುವ ನೀರಿನ ಯೋಜನೆಯಲ್ಲಿ ನಳ್ಳಿ ಸೋರಿದರೆ ಪಂಚಾಯತ್‌ನ ನೀರು ಸರಬರಾಜು ನೌಕರನೇ ಸರಿಪಡಿಸುತ್ತಾನೆ. ಪಂಪ್ ಸುಟ್ಟರೆ ತಾಲೂಕಿನಿಂದ ತಂತ್ರಜ್ಞ ಬರಬೇಕಾಗುತ್ತದೆ. ಎರಡಕ್ಕೂ ಒಂದೇ ಕ್ರಮ ಸಲ್ಲದು. ಮನೋಚಿಕಿತ್ಸೆಯೂ ಹಾಗೆಯೇ. ಕಾಯಿಲೆಯ ಹೆಸರು ಎಷ್ಟು ಭಯ ಹುಟ್ಟಿಸುತ್ತದೆ ಎಂಬುದರ ಮೇಲೆ ಹಂತ ನಿರ್ಧಾರವಾಗುವುದಿಲ್ಲ. ವೈದ್ಯರು ಮುಖ್ಯವಾಗಿ ಮೂರು ಪ್ರಶ್ನೆಗಳನ್ನು ಪರಿಶೀಲಿಸುತ್ತಾರೆ.

ಮೊದಲನೆಯದು, ಅಪಾಯ. ಮಗು ತನಗೆ ಅಥವಾ ಇತರರಿಗೆ ಹಾನಿ ಮಾಡಿಕೊಳ್ಳುವ ಸಂಭವವಿದೆಯೇ? ಊಟ, ನೀರು, ನಿದ್ರೆ ಸಂಪೂರ್ಣ ಬಿಟ್ಟಿದೆಯೇ?

ಎರಡನೆಯದು, ದಿನಚರಿ. ಶಾಲೆಗೆ ಹೋಗುವುದು, ಗೆಳೆಯರೊಡನೆ ಬೆರೆಯುವುದು, ಸ್ನಾನ, ಆಟ ಇವುಗಳಲ್ಲಿ ಎಷ್ಟು ನಿಂತುಹೋಗಿದೆ? ಎಷ್ಟು ವಾರಗಳಿಂದ?

ಮೂರನೆಯದು, ಮನೆಯ ಆಸರೆ. ಮಗುವನ್ನು ನೋಡಿಕೊಳ್ಳುವ, ಔಷಧಿ ಕೊಡುವ ದೊಡ್ಡವರು ಮನೆಯಲ್ಲಿದ್ದಾರೆಯೇ? ತಂದೆ ಮುಂಬಯಿ ಅಥವಾ ಬೆಂಗಳೂರಿನ ಹೋಟೆಲಿನಲ್ಲಿ ದುಡಿಯುತ್ತಾ, ಮಗು ವಯಸ್ಸಾದ ಅಜ್ಜಿಯೊಂದಿಗಿರುವ ಮನೆಗಳು ಈ ಭಾಗದಲ್ಲಿ ಹಲವಿವೆ. ಕಾಯಿಲೆ ಅಷ್ಟೇ ಇದ್ದರೂ ಅಂತಹ ಮಗುವಿಗೆ ಹೆಚ್ಚಿನ ಹಂತದ ನೆರವು ಬೇಕಾಗಬಹುದು.

ಒಂದನೇ ಹಂತ: ಮನೆ, ಅಂಗನವಾಡಿ, ಶಾಲೆ

ಗುರುತಿಸುವ ಕೆಲಸ ಇಲ್ಲಿಂದಲೇ ಆರಂಭವಾಗುತ್ತದೆ. ಎರಡು ವರ್ಷ ಕಳೆದರೂ ಮಾತು ಬಾರದಿರುವುದು, ಹೆಸರು ಹಿಡಿದು ಕರೆದರೆ ತಿರುಗದಿರುವುದು, ಕಣ್ಣಿಗೆ ಕಣ್ಣು ಕೊಟ್ಟು ನೋಡದಿರುವುದು ಇವೆಲ್ಲ ಬೆಳವಣಿಗೆಯ ತೊಂದರೆಯ ಲಕ್ಷಣಗಳಾಗಿರಬಹುದು. ಇವು ಅಂಗನವಾಡಿಯಲ್ಲಿ ಅಥವಾ ಪಂಚಾಯತ್‌ನ ಕೂಸಿನ ಮನೆಯಲ್ಲಿ ಬೇಗನೆ ಕಣ್ಣಿಗೆ ಬೀಳುತ್ತವೆ. ಪ್ರಾಥಮಿಕ ಶಾಲೆಯಲ್ಲಿ ಒಂದೆಡೆ ಕೂರಲಾಗದಿರುವುದು, ಬುದ್ಧಿ ಚುರುಕಾಗಿದ್ದರೂ ಓದು ಬರಹ ಹತ್ತದಿರುವುದು ಕಾಣಿಸುತ್ತದೆ. ಪ್ರೌಢಶಾಲೆಯ ವಯಸ್ಸಿನಲ್ಲಿ ಅಂಕಗಳು ಇದ್ದಕ್ಕಿದ್ದಂತೆ ಕುಸಿಯುವುದು, ಎರಡು ವಾರಕ್ಕೂ ಮೀರಿದ ಮೌನ ಅಥವಾ ಸಿಡುಕು, ಕಾರಣ ಕಾಣದ ಹೊಟ್ಟೆನೋವು ತಲೆನೋವು, ಮಾದಕ ವಸ್ತುಗಳ ಸಹವಾಸ, ತಾನೇ ತನಗೆ ಗಾಯ ಮಾಡಿಕೊಳ್ಳುವುದು ಗಮನಿಸಬೇಕಾದ ಸೂಚನೆಗಳು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯಕೀಯ ತಂಡವು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗಳಿಗೆ, ಒಂದು ಬಾರಿ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಭೇಟಿ ನೀಡಬೇಕು. ಬೆಳವಣಿಗೆಯ ವಿಳಂಬ ಮತ್ತು ಕಲಿಕೆಯ ತೊಂದರೆಗಳೂ ಈ ತಪಾಸಣೆಯ ಪಟ್ಟಿಯಲ್ಲಿವೆ. ತಂಡ ಬರುವ ದಿನಾಂಕವನ್ನು ಮೊದಲೇ ತಿಳಿದು ಆ ದಿನ ಎಲ್ಲ ಮಕ್ಕಳೂ ಹಾಜರಿರುವಂತೆ ನೋಡಿಕೊಳ್ಳುವುದು ವಾರ್ಡ್ ಸದಸ್ಯರಿಗೆ ಸಾಧ್ಯವಿರುವ ಕೆಲಸ. ಹಲವು ವೇಳೆ ನೆರವು ಬೇಕಾದ ಮಗುವೇ ಅಂದು ಗೈರುಹಾಜರಾಗಿರುತ್ತದೆ.

ಎರಡನೇ ಹಂತ: ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ದೂರವಾಣಿ ನೆರವು

ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಮೊದಲ ಪರೀಕ್ಷೆ ನಡೆಸಬಲ್ಲರು. ರಕ್ತಹೀನತೆ, ಥೈರಾಯ್ಡ್ ತೊಂದರೆ, ಮೂರ್ಛೆರೋಗ, ಕಿವಿ ಅಥವಾ ಕಣ್ಣಿನ ದೋಷ ಇವುಗಳೂ ಮಗುವಿನ ನಡತೆಯನ್ನು ಬದಲಿಸುತ್ತವೆಯಾದ್ದರಿಂದ ಈ ಪರೀಕ್ಷೆ ಅಗತ್ಯ. ಹದಿಹರೆಯದವರಿಗಾಗಿ 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಸ್ನೇಹ ಕ್ಲಿನಿಕ್‌ಗಳಲ್ಲಿ ಆಪ್ತಸಮಾಲೋಚನೆ ದೊರೆಯುತ್ತದೆ.

ಆಸ್ಪತ್ರೆಗೆ ಹೋಗಲು ಹಿಂಜರಿಯುವವರಿಗೆ ಟೆಲಿ ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯ ಸಂಖ್ಯೆ 14416. ಕರೆ ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡಬಹುದು. ಮೊದಲು ಸಮಾಲೋಚಕರು ಆಲಿಸುತ್ತಾರೆ. ಅಗತ್ಯವಿದ್ದರೆ ಮನೋವೈದ್ಯರಿಗೆ ಸಂಪರ್ಕ ಕಲ್ಪಿಸುತ್ತಾರೆ ಅಥವಾ ಹತ್ತಿರದ ಆಸ್ಪತ್ರೆಯನ್ನು ಸೂಚಿಸುತ್ತಾರೆ. ಮಗುವೇ ಕರೆ ಮಾಡಬಹುದು, ಪೋಷಕರೂ ಮಾಡಬಹುದು. ಮನೆಯಿಂದ ಹೊರಗೆ ಕಾಲಿಡದೆಯೇ ತೆಗೆದುಕೊಳ್ಳಬಹುದಾದ ಮೊದಲ ಹೆಜ್ಜೆ ಇದು.

ಮೂರನೇ ಹಂತ: ತಾಲೂಕು ಮಟ್ಟದ ಹೊರರೋಗಿ ಚಿಕಿತ್ಸೆ

1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ನೀಡಿದರೆ ಮಾನಸಿಕ ಕಾಯಿಲೆಗೆ ಜಿಲ್ಲೆಯೊಳಗೇ ಚಿಕಿತ್ಸೆ ಸಾಧ್ಯವೆಂದು ಅಲ್ಲಿ ಸಾಬೀತಾಯಿತು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಆ ಪ್ರಯೋಗದ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಉಡುಪಿಯೂ ಸೇರಿ ರಾಜ್ಯದ ಎಲ್ಲ ಜಿಲ್ಲೆಗಳು ಈಗ ಅದರ ವ್ಯಾಪ್ತಿಯಲ್ಲಿವೆ.

ರಾಜ್ಯ ಸರಕಾರದ ಮನೋಚೈತನ್ಯ ಕಾರ್ಯಕ್ರಮದಂತೆ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಹೊರರೋಗಿ ಸೇವೆ ಏರ್ಪಡಿಸಲಾಗುತ್ತದೆ. ಕುಂದಾಪುರದ ಸರಕಾರಿ ಆಸ್ಪತ್ರೆ ಮರವಂತೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿದೆ. ಹೊರಡುವ ಮುನ್ನ ಆ ವಾರ ವೈದ್ಯರು ಲಭ್ಯರಿದ್ದಾರೆಯೇ ಎಂದು ಆಶಾ ಕಾರ್ಯಕರ್ತೆಯ ಮೂಲಕ ಖಚಿತಪಡಿಸಿಕೊಂಡರೆ ಒಂದು ದಿನದ ಕೂಲಿಯೂ ಬಸ್ಸಿನ ಹಣವೂ ಉಳಿಯುತ್ತವೆ.

ಹೊರರೋಗಿ ಚಿಕಿತ್ಸೆಯೆಂದರೆ ನಿಗದಿತ ದಿನ ಹೋಗಿ, ಮಾತನಾಡಿ, ಮನೆಗೆ ಮರಳುವುದು. ಖಿನ್ನತೆ, ಆತಂಕ, ಅತಿ ಚಟುವಟಿಕೆ, ಗೀಳು ಮುಂತಾದ ಬಹುತೇಕ ತೊಂದರೆಗಳಿಗೆ ಇದೇ ಸಾಕಾಗುತ್ತದೆ. ಎಲ್ಲ ಮಕ್ಕಳಿಗೂ ಔಷಧಿ ಬೇಕಾಗುವುದಿಲ್ಲ. ಹಲವರಿಗೆ ಮಾತಿನ ಚಿಕಿತ್ಸೆ ಮತ್ತು ಪೋಷಕರಿಗೆ ಮಾರ್ಗದರ್ಶನ ಸಾಕು. ಔಷಧಿ ಕೊಟ್ಟಲ್ಲಿ ಎರಡು ವಿಷಯಗಳನ್ನು ಮನೆಯವರಿಗೆ ಮನದಟ್ಟು ಮಾಡಬೇಕು. ಖಿನ್ನತೆಯ ಔಷಧಿ ಪರಿಣಾಮ ತೋರಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ಮೂರನೇ ದಿನ ಗುಣ ಕಾಣಲಿಲ್ಲವೆಂದು ಬಿಡಬಾರದು. ಆರಂಭದ ವಾರಗಳಲ್ಲಿ ಮಗುವಿನ ಮೇಲೆ ಹೆಚ್ಚಿನ ನಿಗಾ ಬೇಕು. ಗುಣ ಕಂಡ ಕೂಡಲೇ ತಾವಾಗಿ ನಿಲ್ಲಿಸುವುದೂ ತಪ್ಪು.

ನಾಲ್ಕನೇ ಹಂತ: ಜಿಲ್ಲಾ ಮಟ್ಟದ ತಜ್ಞ ಚಿಕಿತ್ಸೆ

ತಾಲೂಕಿನಲ್ಲಿ ಹತೋಟಿಗೆ ಬಾರದ, ಅಥವಾ ರೋಗನಿರ್ಣಯವೇ ಕಷ್ಟವಾದ ಮಕ್ಕಳಿಗೆ ಜಿಲ್ಲಾ ಮಟ್ಟದ ನೆರವು ಬೇಕು. ಉಡುಪಿಯ ಜಿಲ್ಲಾ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ, ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಈ ಜಿಲ್ಲೆಯ ಜನರಿಗೆ ಪರಿಚಿತವಾದ ಸ್ಥಳಗಳು. ಇಂತಹ ಕಡೆ ಮನೋವೈದ್ಯರೊಂದಿಗೆ ಮನಶ್ಶಾಸ್ತ್ರಜ್ಞರೂ ಮನೋಸಾಮಾಜಿಕ ಕಾರ್ಯಕರ್ತರೂ ಇರುವುದರಿಂದ ಬುದ್ಧಿಮಟ್ಟ ಹಾಗೂ ಕಲಿಕಾ ನ್ಯೂನತೆಯ ಪರೀಕ್ಷೆ, ಕುಟುಂಬದೊಡನೆ ಸಮಾಲೋಚನೆ ಒಂದೆಡೆ ಸಾಧ್ಯವಾಗುತ್ತವೆ.

ಕೆಲವು ದೇಶಗಳಲ್ಲಿ ಹೊರರೋಗಿ ಮತ್ತು ಒಳರೋಗಿ ಚಿಕಿತ್ಸೆಗಳ ನಡುವೆ ಇನ್ನೂ ಎರಡು ಹಂತಗಳಿವೆ. ಒಂದು, ವಾರಕ್ಕೆ ಹಲವು ದಿನ ಕೆಲವು ಗಂಟೆಗಳ ಚಿಕಿತ್ಸೆ. ಇನ್ನೊಂದು, ಹಗಲಿಡೀ ಆಸ್ಪತ್ರೆಯಲ್ಲಿದ್ದು ರಾತ್ರಿ ಮನೆಗೆ ಮರಳುವ ವ್ಯವಸ್ಥೆ. ನಮ್ಮಲ್ಲಿ ಮಕ್ಕಳಿಗಾಗಿ ಇಂತಹ ಏರ್ಪಾಡು ವಿರಳ. ಈ ಕೊರತೆಯನ್ನು ಸದಸ್ಯರು ಅರಿತಿರಬೇಕು. ಏಕೆಂದರೆ ವಾರಕ್ಕೊಮ್ಮೆ ಉಡುಪಿಗೆ ಹೋಗಿಬರುವ ಶಕ್ತಿ ಇಲ್ಲದ ಕುಟುಂಬ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುತ್ತದೆ. ಅಂತಹ ಮಗು ಮುಂದೆ ದಾಖಲಾಗಬೇಕಾದ ಸ್ಥಿತಿಯಲ್ಲಿ ಮರಳಿ ಬರುತ್ತದೆ. ಆ ನಡುವಿನ ಹಂತದ ಸ್ಥಾನವನ್ನು ಆಶಾ ಕಾರ್ಯಕರ್ತೆಯ ಮನೆಭೇಟಿ, ಶಾಲೆಯ ಸಹಕಾರ, ಟೆಲಿ ಮಾನಸ್ ಕರೆಗಳು ತಕ್ಕಮಟ್ಟಿಗೆ ತುಂಬಬಲ್ಲವು.

ಐದನೇ ಹಂತ: ಒಳರೋಗಿ ಚಿಕಿತ್ಸೆ ಮತ್ತು ಉನ್ನತ ಸಂಸ್ಥೆಗಳು

ಜೀವಕ್ಕೆ ಅಪಾಯವಿದ್ದಾಗ, ಮಗು ವಾಸ್ತವದ ಅರಿವು ಕಳೆದುಕೊಂಡಾಗ, ಆಹಾರ ಪೂರ್ತಿ ನಿಂತಾಗ ದಾಖಲಾತಿ ಅನಿವಾರ್ಯವಾಗಬಹುದು. ಜಿಲ್ಲೆಯಲ್ಲಿ ಸಾಧ್ಯವಾಗದ ಜಟಿಲ ಪ್ರಕರಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗಾಗಿಯೇ ಪ್ರತ್ಯೇಕ ವಿಭಾಗವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ.

ಮಗುವನ್ನು ದಾಖಲಿಸಿದರೆ ಶಾಶ್ವತವಾಗಿ ಕೂಡಿಹಾಕುತ್ತಾರೆಂಬ ಭಯ ಹಲವು ಮನೆಗಳಲ್ಲಿದೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 87ನೇ ಪ್ರಕರಣವು ಈ ಭಯಕ್ಕೆ ಉತ್ತರ ನೀಡುತ್ತದೆ. 18 ವರ್ಷದೊಳಗಿನವರ ದಾಖಲಾತಿಗೆ ಅದು ವಿಧಿಸುವ ಮುಖ್ಯ ನಿಯಮಗಳು ಹೀಗಿವೆ:

• ಇಬ್ಬರು ತಜ್ಞರು ಪ್ರತ್ಯೇಕವಾಗಿ ಮಗುವನ್ನು ಪರೀಕ್ಷಿಸಿರಬೇಕು. ಅವರಲ್ಲಿ ಒಬ್ಬರಾದರೂ ಮನೋವೈದ್ಯರಾಗಿರಬೇಕು.
• ಊರಿನಲ್ಲಿದ್ದುಕೊಂಡೇ ಪಡೆಯಬಹುದಾದ ಚಿಕಿತ್ಸೆಗಳು ವಿಫಲವಾಗಿರಬೇಕು, ಅಥವಾ ಆ ಮಗುವಿಗೆ ಅವು ಹೊಂದುವುದಿಲ್ಲವೆಂಬುದು ಸ್ಪಷ್ಟವಾಗಿರಬೇಕು.
• ಮಗುವನ್ನು ವಯಸ್ಕ ರೋಗಿಗಳಿಂದ ಪ್ರತ್ಯೇಕವಾಗಿರಿಸಬೇಕು.
• ತಂದೆ, ತಾಯಿ ಅಥವಾ ಪೋಷಕರು, ಇಲ್ಲವೇ ಅವರು ನೇಮಿಸಿದ ಸಹಾಯಕರು ಪೂರ್ತಿ ಅವಧಿ ಮಗುವಿನ ಜೊತೆಗಿರಬೇಕು. ಬಾಲಕಿಯ ಪೋಷಕರು ಪುರುಷರಾಗಿದ್ದರೆ ಮಹಿಳಾ ಸಹಾಯಕಿ ಇರಬೇಕು.
• ದಾಖಲಾತಿಯನ್ನು 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪುನರ್‌ವಿಮರ್ಶಾ ಮಂಡಳಿಗೆ ತಿಳಿಸಬೇಕು. 30 ದಿನ ಮೀರಿದರೆ ಮಂಡಳಿಯ ಪರಿಶೀಲನೆ ಕಡ್ಡಾಯ.
• ಪೋಷಕರು ಒಪ್ಪಿಗೆ ಹಿಂಪಡೆದರೆ ಮಗುವನ್ನು ಬಿಡುಗಡೆ ಮಾಡಬೇಕು.

ಎರಡನೇ ನಿಯಮ ವಿಶೇಷ ಗಮನಕ್ಕೆ ಅರ್ಹ. ದಾಖಲಾತಿಯು ಕೊನೆಯ ಹಂತವೇ ಹೊರತು ಮೊದಲನೆಯದಲ್ಲವೆಂದು ಕಾನೂನೇ ಹೇಳುತ್ತದೆ. ಆದರೆ ಕೆಳಗಿನ ಹಂತಗಳು ಊರಿನಲ್ಲಿ ಕೆಲಸ ಮಾಡುತ್ತಿದ್ದರೆ ಮಾತ್ರ ಆ ಮಾತಿಗೆ ಅರ್ಥ ಬರುತ್ತದೆ.

ಚಿಕಿತ್ಸೆಯ ಹೆಸರಿನಲ್ಲಿ ಯಾರನ್ನೂ ಸರಪಳಿಯಿಂದ ಕಟ್ಟುವುದನ್ನು ಇದೇ ಕಾಯ್ದೆಯ 95ನೇ ಪ್ರಕರಣ ನಿಷೇಧಿಸಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಒಂದು ಖಾಸಗಿ ಆಶ್ರಯತಾಣದಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ರೋಗಿಗಳು ಓಡಲಾರದೆ ಸುಟ್ಟು ಸತ್ತದ್ದನ್ನು ದೇಶ ಮರೆತಿಲ್ಲ. ಆದ್ದರಿಂದ ದೂರದ ಯಾವುದೇ ‘ಪುನರ್ವಸತಿ ಕೇಂದ್ರ’ಕ್ಕೆ ಮಗುವನ್ನು ಕಳುಹಿಸಲು ಕುಟುಂಬ ಯೋಚಿಸಿದಾಗ, ಆ ಕೇಂದ್ರ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ ಎಂದು ಮೊದಲು ವಿಚಾರಿಸುವಂತೆ ಸದಸ್ಯರು ಸಲಹೆ ನೀಡಬೇಕು.

ಮರಳಿ ಊರಿಗೆ

ಮೇಲಿನ ಹಂತಕ್ಕೆ ಹೋದ ಮಗು ಕೆಳಗಿನ ಹಂತಕ್ಕೆ ಇಳಿದು ಮನೆಗೆ ಬರಲೇಬೇಕು. ಚಿಕಿತ್ಸೆ ಹೆಚ್ಚಾಗಿ ಮುರಿದುಬೀಳುವುದು ಈ ಇಳಿಯುವ ಹಾದಿಯಲ್ಲಿ. ಆಸ್ಪತ್ರೆಯ ಬಿಡುಗಡೆ ಪತ್ರದ ಪ್ರತಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಕೊಟ್ಟರೆ, ಮುಂದಿನ ಔಷಧಿ ಕುಂದಾಪುರದಲ್ಲಿಯೇ ಉಚಿತವಾಗಿ ದೊರೆಯುವುದೇ ಎಂದು ವಿಚಾರಿಸಲು ಸುಲಭವಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಅವಧಿಯಲ್ಲಿ ಕಡಲನ್ನೇ ನಂಬಿದ ಮನೆಗಳಲ್ಲಿ ಕೈಯಲ್ಲಿ ಹಣವಿರುವುದಿಲ್ಲ. ಆಗ ಮೊದಲು ನಿಲ್ಲುವುದು ಇಂತಹ ಪ್ರಯಾಣ ಮತ್ತು ಔಷಧಿ. ಮಳೆಗಾಲಕ್ಕೆ ಮುನ್ನವೇ ಆಶಾ ಕಾರ್ಯಕರ್ತೆ ಈ ಮನೆಗಳನ್ನು ವಿಚಾರಿಸಿಕೊಳ್ಳುವುದು ಒಳಿತು.

ಹರಕೆ, ದರ್ಶನ, ನೂಲು ಕಟ್ಟಿಸುವುದು ಈ ನೆಲದ ನಂಬಿಕೆಗಳು. ಮನೆಯವರಿಗೆ ಅವು ಧೈರ್ಯ ಕೊಡುತ್ತವೆಯಾದರೆ ಅವುಗಳನ್ನು ಅವಹೇಳನ ಮಾಡುವ ಅಗತ್ಯವಿಲ್ಲ. ಹರಕೆಯ ಜೊತೆಗೆ ಔಷಧಿಯೂ ನಡೆಯಲಿ, ಔಷಧಿ ನಿಲ್ಲದಿರಲಿ ಎಂದಷ್ಟೇ ಹೇಳಿದರೆ ಸಾಕು. ಊರಿನ ಹಿರಿಯರೋ ಪಾತ್ರಿಗಳೋ ಈ ಮಾತನ್ನು ಹೇಳಿದರೆ ಅದಕ್ಕೆ ಇನ್ನೂ ಹೆಚ್ಚಿನ ತೂಕ.

ದೀರ್ಘಕಾಲದ ತೊಂದರೆಯಿರುವ ಮಕ್ಕಳಿಗೆ ಅಂಗವಿಕಲರ ಹಕ್ಕುಗಳ ಕಾಯ್ದೆ 2016 ಅನ್ವಯಿಸುತ್ತದೆ. ಅದು ಗುರುತಿಸಿರುವ 21 ವಿಧದ ವೈಕಲ್ಯಗಳಲ್ಲಿ ಆಟಿಸಂ, ಬೌದ್ಧಿಕ ವೈಕಲ್ಯ, ನಿರ್ದಿಷ್ಟ ಕಲಿಕಾ ನ್ಯೂನತೆ ಮತ್ತು ಮಾನಸಿಕ ಅಸ್ವಸ್ಥತೆ ಸೇರಿವೆ. ಶೇ. 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವೆಂದು ಪ್ರಮಾಣೀಕೃತರಾದವರಿಗೆ ಯುಡಿಐಡಿ ಕಾರ್ಡಿನ ಮೂಲಕ ಸವಲತ್ತುಗಳು ದೊರೆಯುತ್ತವೆ. ಅರ್ಜಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು.

ಗುಟ್ಟು ಕಾಯುವುದು ಕರ್ತವ್ಯ

ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಒಂದು ಮಾತು ಹೊರಬಿದ್ದರೆ ಆ ಮಗುವಿನ ಶಾಲೆ, ಮುಂದೆ ಮದುವೆ, ಮನೆಯ ಮರ್ಯಾದೆ ಎಲ್ಲಕ್ಕೂ ಅದು ಅಂಟಿಕೊಳ್ಳುತ್ತದೆಯೆಂಬ ಅಂಜಿಕೆಯೇ ಹಲವರನ್ನು ಚಿಕಿತ್ಸೆಯಿಂದ ದೂರವಿಟ್ಟಿದೆ. ಚಿಕಿತ್ಸೆಯ ಮಾಹಿತಿ ಗೌಪ್ಯವಾಗಿರುವುದು ರೋಗಿಯ ಹಕ್ಕೆಂದು 2017ರ ಕಾಯ್ದೆ ಸಾರುತ್ತದೆ. ಆದುದರಿಂದ ಯಾವುದೇ ಮಗುವಿನ ಹೆಸರನ್ನು ಸಾಮಾನ್ಯ ಸಭೆಯಲ್ಲಿ ಎತ್ತಬಾರದು, ನಡಾವಳಿಯಲ್ಲಿ ಬರೆಯಬಾರದು, ವಾಟ್ಸಾಪ್ ಗುಂಪುಗಳಲ್ಲಿ ಹಂಚಿಕೊಳ್ಳಬಾರದು. ಸಭೆಗೆ ಸಂಖ್ಯೆಗಳು ಸಾಕು.

ಆತ್ಮಹತ್ಯೆಗೆ ಯತ್ನಿಸಿದ ಮಗುವಿನ ಮೇಲೆ ಮೊಕದ್ದಮೆಯಾಗುತ್ತದೆಯೆಂದು ಹೆದರಿ ಆಸ್ಪತ್ರೆಗೆ ಒಯ್ಯಲು ತಡಮಾಡುವವರಿದ್ದಾರೆ. ಅಂತಹ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು ಕಾಯ್ದೆಯ 115ನೇ ಪ್ರಕರಣ ಹೇಳುತ್ತದೆ. ಈ ಒಂದು ಮಾಹಿತಿ ಮನೆಮನೆಗೆ ತಲುಪಿದರೆ ಜೀವ ಉಳಿಯಬಹುದು.

ಗ್ರಾಮ ಪಂಚಾಯತ್ ಮಾಡಬಹುದಾದ ಕಾರ್ಯಗಳು

1. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಮಕ್ಕಳ ಮಾನಸಿಕ ಆರೋಗ್ಯವನ್ನು ಒಂದು ಖಾಯಂ ವಿಷಯವಾಗಿ ಇಡುವುದು.
2. ತಾಲೂಕು ಆಸ್ಪತ್ರೆಯ ಮನೋವೈದ್ಯರ ಸೇವೆಯ ದಿನ ಮತ್ತು ವೇಳೆ, 14416 ಹಾಗೂ ಮಕ್ಕಳ ಸಹಾಯವಾಣಿ 1098 ಸಂಖ್ಯೆಗಳನ್ನು ಪಂಚಾಯತ್ ಕಚೇರಿ, ಶಾಲೆ, ಅರಿವು ಕೇಂದ್ರ, ಮೀನುಗಾರಿಕಾ ಬಂದರು ಹಾಗೂ ಬಸ್ ನಿಲ್ದಾಣಗಳಲ್ಲಿ ಬರೆಯಿಸುವುದು.
3. ನಿಗದಿತ ದಿನ ಮನೋವೈದ್ಯರು ಬಾರದಿದ್ದರೆ, ಸಂಚಾರಿ ತಂಡ ಶಾಲೆಗೆ ಭೇಟಿ ನೀಡದಿದ್ದರೆ ದಿನಾಂಕ ಸಹಿತ ತಾಲೂಕು ಆರೋಗ್ಯಾಧಿಕಾರಿಗೆ ಬರೆದು ತಿಳಿಸುವುದು.
4. ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳು ತಮ್ಮ ಮಾತನ್ನು ಹೆಸರಿಲ್ಲದೆ ಚೀಟಿಯಲ್ಲಿ ಬರೆದು ಹಾಕಲು ಪೆಟ್ಟಿಗೆ ಇಡುವುದು. 1990ರ ದಶಕದಲ್ಲಿಯೇ ಕೆರಾಡಿ ಮುಂತಾದೆಡೆ ಮಕ್ಕಳ ಪಂಚಾಯತ್‌ಗಳು ನಡೆದ ಪ್ರದೇಶವಿದು; ಮಕ್ಕಳ ಮಾತಿಗೆ ಕಿವಿಗೊಡುವುದು ಇಲ್ಲಿಗೆ ಹೊಸದಲ್ಲ.
5. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಫಲಿತಾಂಶದ ವಾರದಲ್ಲಿ ಶಾಲಾಭಿವೃದ್ಧಿ ಸಮಿತಿ ಹಾಗೂ ಶಿಕ್ಷಕರೊಂದಿಗೆ ಸೇರಿ, ಅನುತ್ತೀರ್ಣರಾದ ಮಕ್ಕಳ ಮನೆಗೆ ಒಬ್ಬರಾದರೂ ಹೋಗಿ ಮಾತನಾಡಿಸುವಂತೆ ನೋಡಿಕೊಳ್ಳುವುದು.

ತುರ್ತು ಸಂದರ್ಭದಲ್ಲಿ

ಮಗು ಸಾಯುವ ಮಾತನ್ನಾಡಿದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕಬಾರದು. ಒಂಟಿಯಾಗಿ ಬಿಡಬಾರದು. ಕೀಟನಾಶಕ, ಮಾತ್ರೆ, ಹರಿತವಾದ ವಸ್ತುಗಳನ್ನು ಕೈಗೆ ಸಿಗದಂತೆ ಬೀಗ ಹಾಕಿಡಬೇಕು. ಬೈಯದೆ, ಉಪದೇಶ ಮಾಡದೆ ಆಲಿಸಬೇಕು. ‘ಸಾಯಬೇಕೆನಿಸುತ್ತಿದೆಯೇ?’ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ; ಬಹಳ ಬಾರಿ ಮಗುವಿಗೆ ಮನಸ್ಸಿನ ಭಾರ ಇಳಿದಂತಾಗುತ್ತದೆ. ಅಪಾಯ ಕಣ್ಣೆದುರಿಗಿದ್ದರೆ 108ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು, ಸಲಹೆಗಾಗಿ 14416. ಈ ಹೊತ್ತಿನಲ್ಲಿ ಯಾವ ಹಂತವೆಂದು ಲೆಕ್ಕಹಾಕುತ್ತಾ ಕೂರುವಂತಿಲ್ಲ. ಮೊದಲು ಸಿಗುವ ವೈದ್ಯರೇ ಸರಿಯಾದ ವೈದ್ಯರು.

ಆಸ್ಪತ್ರೆ ಕಟ್ಟುವುದು, ಮನೋವೈದ್ಯರನ್ನು ನೇಮಿಸುವುದು ಗ್ರಾಮ ಪಂಚಾಯತ್‌ನ ಕೈಯಲ್ಲಿಲ್ಲ. ಆದರೆ ಮಂಗಳವಾರ ಬೆಳಿಗ್ಗೆ ಒಂದು ಮಗು ಮತ್ತು ಅದರ ತಾಯಿ ಯಾರ ಕಣ್ಣಿಗೂ ಅಂಜದೆ ಕುಂದಾಪುರದ ಬಸ್ಸು ಹತ್ತುವಂತೆ ಮಾಡುವುದು ಸದಸ್ಯರಿಗೆ ಸಾಧ್ಯವಿದೆ. ಚಿಕಿತ್ಸೆ ಆರಂಭವಾಗುವುದು ಅಲ್ಲಿಂದ.